ವಾಙ್ಮಯ ತಪಸ್ಸು ಮತ್ತು ಮನೆಯ ಮಾತು

ಆಷಾಢ ಶುದ್ಧ ಏಕಾದಶಿ ಸಮೀಪಿಸುತ್ತಿದ್ದಂತೆ ನಮ್ಮ ಅಡಿಗೆಮನೆಗಳಲ್ಲಿ ಒಂದು ಸಿದ್ಧತೆ ಆರಂಭವಾಗುವುದು ಎಲ್ಲರಿಗೂ ತಿಳಿದ ಸಂಗತಿ. ತರಕಾರಿಯ ಬುಟ್ಟಿ ಬರಿದಾಗುತ್ತದೆ. ಹುಣಸೆ, ಮೆಣಸಿನಕಾಯಿಗಳ ಡಬ್ಬಿಗಳು ಮೇಲಿನ ಹಲಗೆಯನ್ನು ಸೇರುತ್ತವೆ. ಕಾಳುಮೆಣಸು, ಜೀರಿಗೆಗಳು ಕೈಗೆಟುಕುವಲ್ಲಿಗೆ ಬರುತ್ತವೆ. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು 4 ತಿಂಗಳ ಕಾಲ ನಾವು ನಾಲಿಗೆಯನ್ನು ನಿಯಮದಲ್ಲಿ ಇಡುತ್ತೇವೆ. ಯಾವ ಪದಾರ್ಥವು ಯಾವ ತಿಂಗಳಲ್ಲಿ ವರ್ಜ್ಯವೆಂಬ ಸಂದೇಹ ಬಂದರೆ ಪಂಚಾಂಗವನ್ನು ತೆರೆದು ನೋಡುತ್ತೇವೆ. ತಿಳಿದವರನ್ನು ಕೇಳಿ ನಿಶ್ಚಯ ಮಾಡಿಕೊಳ್ಳುತ್ತೇವೆ. ಶ್ರೀಹರಿಯ ಪ್ರೀತಿಗಾಗಿ ಆಚರಿಸುವ ಈ ನಿಯಮದಲ್ಲಿ ಇಷ್ಟೊಂದು ಎಚ್ಚರ ನಮ್ಮಲ್ಲಿರುವುದು ಹಿರಿಯರ ಪುಣ್ಯ.

ಆದರೆ ನಾಲಿಗೆಗೆ ಭಗವಂತನು ಎರಡು ಕೆಲಸಗಳನ್ನು ಕೊಟ್ಟಿದ್ದಾನೆ. ರುಚಿಯನ್ನು ತಿಳಿಯುವಾಗ ಅದು ಜ್ಞಾನೇಂದ್ರಿಯದ ನೆಲೆ. ಮಾತನಾಡುವಾಗ ಕರ್ಮೇಂದ್ರಿಯದ ಸಾಧನ. ಒಳಗೆ ಹೋಗುವ ಪದಾರ್ಥಕ್ಕೆ ಇಷ್ಟು ಕಾವಲನ್ನು ಇಟ್ಟ ನಾವು, ಹೊರಗೆ ಬರುವ ಮಾತಿಗೆ ಎಷ್ಟು ಕಾವಲನ್ನು ಇಟ್ಟಿದ್ದೇವೆ? ಪುರಂದರದಾಸರು ನಾಲಿಗೆಯನ್ನೇ ಎದುರಿಗೆ ಕರೆದು ಬುದ್ಧಿ ಹೇಳಿದ ಪದವನ್ನು ನಮ್ಮ ಮನೆಗಳ ಹಿರಿಯರು ಬಲ್ಲರು. ಈ ಸಲದ ಚಾತುರ್ಮಾಸ್ಯದಲ್ಲಿ ಆ ಎರಡನೆಯ ಕೆಲಸದ ಕಡೆಗೂ ಗಮನ ಹರಿಸೋಣವೆಂದು ಈ ಲೇಖನವನ್ನು ಸಜ್ಜನರ ಮುಂದಿಡುತ್ತಿದ್ದೇವೆ.

ಗೀತೆಯ ಉಪದೇಶ

ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತಪಸ್ಸನ್ನು ಶಾರೀರ, ವಾಙ್ಮಯ, ಮಾನಸ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. 15ನೆಯ ಶ್ಲೋಕದಲ್ಲಿ ವಾಙ್ಮಯ ತಪಸ್ಸಿನ ಸ್ವರೂಪವಿದೆ. ಕೇಳುವವರಲ್ಲಿ ಉದ್ವೇಗವನ್ನು ಹುಟ್ಟಿಸದಿರುವುದು, ಸತ್ಯವಾಗಿರುವುದು, ಪ್ರಿಯವಾಗಿರುವುದು, ಹಿತವಾಗಿರುವುದು ಎಂಬ 4 ಲಕ್ಷಣಗಳು ಮಾತಿಗೆ ಇರಬೇಕು. ಇದರೊಡನೆ ಸ್ವಾಧ್ಯಾಯದ ಅಭ್ಯಾಸವೂ ಇರಬೇಕು. ಈ ನಾಲ್ಕೂ ಒಂದೇ ಮಾತಿನಲ್ಲಿ ಕೂಡಿರಬೇಕೆಂಬುದನ್ನು ನಾವು ಮರೆಯಬಾರದು. "ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ತಪ್ಪೇನು?" ಎನ್ನುವವರ ಮಾತಿನಲ್ಲಿ ಸತ್ಯವಿರುತ್ತದೆ, ಉಳಿದ ಮೂರು ಇರುವುದಿಲ್ಲ. ಮುಖದೆದುರು ಹೊಗಳುವವರ ಮಾತಿನಲ್ಲಿ ಪ್ರಿಯವಿರುತ್ತದೆ, ಹಿತವಿರುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಪವಾಸವನ್ನು ಒಬ್ಬರೇ ಮಾಡಬಹುದು. ಜಪವನ್ನು ಏಕಾಂತದಲ್ಲಿ ಮಾಡಬಹುದು. ಸ್ವಾಧ್ಯಾಯವೊಂದನ್ನು ಬಿಟ್ಟರೆ, ವಾಙ್ಮಯ ತಪಸ್ಸಿಗೆ ಕೇಳುವ ಇನ್ನೊಬ್ಬರು ಬೇಕೇ ಬೇಕು. ಉದ್ವೇಗಗೊಳ್ಳುವವರು, ಪ್ರಿಯವೆಂದು ಭಾವಿಸುವವರು, ಹಿತವನ್ನು ಪಡೆಯುವವರು ಎದುರಿನಲ್ಲಿ ಇಲ್ಲದಿದ್ದರೆ ಆ ಲಕ್ಷಣಗಳಿಗೆ ಅರ್ಥವೇ ಇಲ್ಲ. ಆದುದರಿಂದ ಈ ತಪಸ್ಸಿಗೆ ಮನೆಯೇ ತಪೋವನ. ಕಾಡಿಗೆ ಹೋದವರಿಗೆ ದೊರೆಯದ ಈ ಅವಕಾಶವು ಗೃಹಸ್ಥರಿಗೆ ಮುಂಜಾನೆಯಿಂದ ರಾತ್ರಿಯವರೆಗೆ ದೊರೆಯುತ್ತಿರುತ್ತದೆ.

ನಮ್ಮ ಮನೆಗಳ ಇಂದಿನ ಸ್ಥಿತಿ

ಒಂದು ದಿನ ಮನೆಯಲ್ಲಿ ಆಡಿದ ಮಾತುಗಳನ್ನೆಲ್ಲ ರಾತ್ರಿ ನೆನಪಿಗೆ ತಂದುಕೊಂಡು ನೋಡೋಣ. "ಹಾಲು ಬಂತೇ?", "ಕರೆಂಟಿನ ಬಿಲ್ಲು ಕಟ್ಟಿದೆಯಾ?", "ಸಂಧ್ಯಾವಂದನೆ ಆಯಿತೇ?", "ಊಟಕ್ಕೆ ಏಳಿ." ಇವೆಲ್ಲ ಅವಶ್ಯವಾದ ಮಾತುಗಳೇ. ಆದರೆ ಇವು ಆಜ್ಞೆಗಳು, ವರದಿಗಳು. ಇವುಗಳನ್ನು ತೆಗೆದುಹಾಕಿದ ಮೇಲೆ ಎಷ್ಟು ಮಾತು ಉಳಿಯಿತೆಂದು ಲೆಕ್ಕ ಹಾಕಿದರೆ, ಅನೇಕ ಮನೆಗಳಲ್ಲಿ ಉತ್ತರವು ನಮ್ಮನ್ನು ನಾಚಿಸುವಂತಿರುತ್ತದೆ. ತಂದೆಗೂ ಬೆಳೆದ ಮಗನಿಗೂ ವರ್ಷಗಟ್ಟಲೆ ತಾಯಿಯ ಮೂಲಕವೇ ಮಾತು ನಡೆಯುವ ಮನೆಗಳುಂಟು. ಒಂದೇ ಕೊಠಡಿಯಲ್ಲಿ ನಾಲ್ವರು ಕುಳಿತು ನಾಲ್ಕು ಮೊಬೈಲುಗಳನ್ನು ನೋಡುವ ಮನೆಗಳುಂಟು. ಅಮೆರಿಕದಲ್ಲಿರುವ ಮಗಳು ವಾರಕ್ಕೊಮ್ಮೆ ವಿಡಿಯೋ ಕರೆ ಮಾಡುತ್ತಾಳೆ. ಮುಖ ಕಾಣುತ್ತದೆ, ಧ್ವನಿ ಕೇಳುತ್ತದೆ. ಆದರೆ "ಊಟ ಆಯಿತಾ? ಅಲ್ಲಿ ಚಳಿಯೇ?" ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಕರೆಯ ಖರ್ಚು ಈಗ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಾಗಿದೆ. ಆದ್ದರಿಂದ ಮಾತು ಬಡವಾದುದಕ್ಕೆ ಹಣದ ಅಭಾವ ಕಾರಣವಲ್ಲ.

ಹಾಗಾದರೆ ಕಾರಣವೇನು? "ಇವರ ವಿಷಯ ನಮಗೆ ಗೊತ್ತೇ ಇದೆ" ಎಂಬ ಭಾವನೆಯೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. 30 ವರ್ಷ ಜೊತೆಯಲ್ಲಿದ್ದ ಪತ್ನಿಯನ್ನು ಕೇಳುವುದೇನಿದೆ? ನಮ್ಮ ಹೊಟ್ಟೆಯಲ್ಲೇ ಹುಟ್ಟಿದ ಮಗನ ಮನಸ್ಸು ನಮಗೆ ತಿಳಿಯದೇ? ಹೀಗೆಂದು ಕೇಳುವುದನ್ನೇ ನಿಲ್ಲಿಸಿಬಿಡುತ್ತೇವೆ. ಕೇಳುವುದನ್ನು ನಿಲ್ಲಿಸಿದ ದಿನದಿಂದ ಎದುರಿಗಿರುವವರ ಬದಲು ನಮ್ಮ ಮನಸ್ಸಿನಲ್ಲಿರುವ ಅವರ ಹಳೆಯ ಚಿತ್ರದೊಡನೆ ಸಂಸಾರ ಮಾಡುತ್ತಿರುತ್ತೇವೆ.

ಜೀವಜೀವಭೇದದ ಒಂದು ಅನ್ವಯ

ಈ ರೋಗಕ್ಕೆ ಔಷಧವು ನಾವು ಬಾಲ್ಯದಿಂದ ಬಾಯಿಪಾಠ ಮಾಡಿದ ಪಂಚಭೇದದಲ್ಲೇ ಇದೆ. ಜೀವ ಈಶ್ವರರಿಗೆ ಭೇದ, ಜಡ ಈಶ್ವರರಿಗೆ ಭೇದ, ಜೀವ ಜಡಗಳಿಗೆ ಭೇದ, ಜಡ ಜಡಗಳಿಗೆ ಭೇದ ಎನ್ನುವುದರ ಜೊತೆಗೆ ಜೀವ ಜೀವರಿಗೂ ಪರಸ್ಪರ ಭೇದವಿದೆಯೆಂದು ಶ್ರೀಮದಾಚಾರ್ಯರು ಬೋಧಿಸಿದರು. ಈ ಭೇದವು ಸತ್ಯ, ನಿತ್ಯ. ಒಬ್ಬ ಜೀವನಂತೆ ಇನ್ನೊಬ್ಬ ಜೀವನಿಲ್ಲ. ಅವರವರ ಸ್ವರೂಪ ಬೇರೆ, ಯೋಗ್ಯತೆ ಬೇರೆ, ಸುಖದುಃಖಗಳ ಅನುಭವ ಬೇರೆ.

ಇದು ವಾದಗ್ರಂಥಗಳಿಗೆ ಮಾತ್ರ ಸೀಮಿತವಾದ ಪ್ರಮೇಯವಲ್ಲ. ಜೀವಜೀವಭೇದವನ್ನು ಮನಸಾರೆ ಒಪ್ಪಿದವನು ತನ್ನ ಮಗನ ಮನಸ್ಸು ತನ್ನ ಮನಸ್ಸಿನಂತೆಯೇ ಇದೆಯೆಂದು ಹೇಗೆ ಭಾವಿಸಿಯಾನು? ತನಗೆ ಸುಲಭವಾದದ್ದು ಸೊಸೆಗೂ ಸುಲಭವೆಂದು ಅತ್ತೆ ಹೇಗೆ ತೀರ್ಮಾನಿಸಿಯಾಳು? ಇನ್ನೊಬ್ಬರ ಅಂತರಂಗವನ್ನು ಪೂರ್ತಿಯಾಗಿ ಬಲ್ಲವನು ಅಂತರ್ಯಾಮಿಯಾದ ಶ್ರೀಹರಿಯೊಬ್ಬನೇ; ಅದು ಅವನ ಸರ್ವಜ್ಞತ್ವ. ನಮ್ಮಂಥ ಅಲ್ಪಜ್ಞರಿಗೆ ಇರುವ ದಾರಿ ಒಂದೇ: ಕೇಳಿ ತಿಳಿಯುವುದು. ಕೇಳದೆ ಎಲ್ಲವನ್ನೂ ಬಲ್ಲೆನೆನ್ನುವುದು ನಮಗಿಲ್ಲದ ಸರ್ವಜ್ಞತ್ವವನ್ನು ನಮ್ಮ ಮೇಲೆ ಆರೋಪಿಸಿಕೊಂಡಂತೆ.

ಆಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ ಮೊದಲ ಅಧ್ಯಾಯದಲ್ಲಿ ಭಕ್ತಿಯ ಲಕ್ಷಣವನ್ನು ಹೇಳುವಾಗ, ಭಗವಂತನ ಮಾಹಾತ್ಮ್ಯದ ಜ್ಞಾನವು ಮೊದಲಿದ್ದು ಅದರಿಂದ ಎಲ್ಲಕ್ಕಿಂತ ಮಿಗಿಲಾದ ದೃಢ ಸ್ನೇಹವು ಉಂಟಾಗಬೇಕೆಂದಿದ್ದಾರೆ. ಭಕ್ತಿಯೆಂಬುದು ಶ್ರೀಹರಿಗೆ ಸಲ್ಲತಕ್ಕದ್ದು. ಮನುಷ್ಯರ ಮೇಲಿನ ಪ್ರೀತಿಯನ್ನು ಅದರೊಡನೆ ಸರಿಗಟ್ಟುವುದು ನಮ್ಮ ಉದ್ದೇಶವಲ್ಲ. ಆದರೆ ಅರಿವು ಮೊದಲು, ಸ್ನೇಹ ಆಮೇಲೆ ಎಂಬ ಕ್ರಮವು ಲೋಕದಲ್ಲಿಯೂ ಕಾಣುತ್ತದೆ. ಅರಿಯದವರ ಮೇಲೆ ಮರುಕ ಹುಟ್ಟಬಹುದು, ಅಭ್ಯಾಸಬಲದ ಸಲುಗೆ ಬೆಳೆಯಬಹುದು. ದೃಢವಾದ ಸ್ನೇಹ ಹುಟ್ಟಲಾರದು.

ಮುಖ್ಯಪ್ರಾಣರ ಮಾತಿನ ಮಾದರಿ

ಮಾತು ಹೇಗಿರಬೇಕೆಂಬುದಕ್ಕೆ ಆದರ್ಶವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಭಾರತೀರಮಣ ಮುಖ್ಯಪ್ರಾಣದೇವರ ಮೊದಲ ಅವತಾರವಾದ ಹನುಮಂತದೇವರ ಚರಿತ್ರೆಯಲ್ಲಿ ಮೂರು ಪ್ರಸಂಗಗಳು ಸಾಕು.

ಮೊದಲನೆಯದು ಕಿಷ್ಕಿಂಧಾಕಾಂಡದ್ದು. ಭಿಕ್ಷುವಿನ ವೇಷದಲ್ಲಿ ಬಂದು ಮಾತನಾಡಿಸಿದ ಹನುಮಂತನನ್ನು ಕುರಿತು ಶ್ರೀರಾಮಚಂದ್ರನು ಲಕ್ಷ್ಮಣನೊಡನೆ ಪ್ರಶಂಸೆಯ ಮಾತುಗಳನ್ನಾಡುತ್ತಾನೆ. ಮಾತು ಅತಿಯಾಗಿ ಬೆಳೆಯಲಿಲ್ಲ, ಸಂದೇಹಕ್ಕೆ ಎಡೆಗೊಡಲಿಲ್ಲ, ಎಳೆದಾಡಲಿಲ್ಲ, ಧ್ವನಿಯು ಹದವಾಗಿತ್ತು. ಮುಖದಲ್ಲಾಗಲಿ ಕಣ್ಣಿನಲ್ಲಾಗಲಿ ಹುಬ್ಬಿನಲ್ಲಾಗಲಿ ವಿಕಾರವಿರಲಿಲ್ಲ ಎನ್ನುತ್ತಾನೆ. ಶಬ್ದಶುದ್ಧಿಯೊಡನೆ ಮುಖಭಾವವನ್ನೂ ಭಗವಂತನು ಗಮನಿಸಿದನೆಂಬುದು ನಮಗೆ ಪಾಠ. "ಆಗಲಿ" ಎಂಬ ಒಂದೇ ಮಾತನ್ನು ಹುಬ್ಬು ಗಂಟಿಕ್ಕಿ ಹೇಳಿದರೆ ಅದು ಒಪ್ಪಿಗೆಯಲ್ಲ, ಬೈಗಳು.

ಎರಡನೆಯದು ಸುಂದರಕಾಂಡದ್ದು. ಅಶೋಕವನದ ಮರದ ಮೇಲೆ ಕುಳಿತ ಹನುಮಂತನು ಸೀತಾದೇವಿಯನ್ನು ಮಾತನಾಡಿಸುವ ಮೊದಲು ಬಹಳ ಆಲೋಚಿಸುತ್ತಾನೆ. ಪಂಡಿತರಂತೆ ಸಂಸ್ಕೃತದಲ್ಲಿ ಮಾತನಾಡಿದರೆ, ರಾವಣನೇ ಬಂದನೆಂದು ಆಕೆ ಹೆದರಿಯಾಳು. ಆದ್ದರಿಂದ ಸಾಮಾನ್ಯ ಜನರ ಮಾತಿನಲ್ಲಿಯೇ ಮಾತನಾಡಬೇಕೆಂದು ನಿಶ್ಚಯಿಸುತ್ತಾನೆ. ಬಳಿಕ ತನ್ನ ಪರಿಚಯದಿಂದ ಆರಂಭಿಸದೆ, ಆಕೆಗೆ ಪ್ರಿಯವಾದ ರಾಮಕಥೆಯನ್ನು ದಶರಥನಿಂದ ಮೊದಲುಗೊಂಡು ಕೇಳಿಸುವಂತೆ ಹೇಳುತ್ತಾನೆ. ನವವ್ಯಾಕರಣಪಂಡಿತನೆಂದು ಪ್ರಸಿದ್ಧನಾದವನು ತನ್ನ ಪಾಂಡಿತ್ಯವನ್ನು ಬದಿಗಿಟ್ಟು, ಕೇಳುವವರ ಭಯವೇನು, ಅವರಿಗೆ ಬೇಕಾದದ್ದೇನು ಎಂಬುದನ್ನು ಮೊದಲು ನೋಡಿದನು. ಕಾಲೇಜಿಗೆ ಹೋಗುವ ಮೊಮ್ಮಗನಿಗೆ ಏಕಾದಶಿಯ ಮಹಿಮೆಯನ್ನು ತಿಳಿಸಬೇಕೆನ್ನುವ ತಾತಂದಿರು ಈ ಪ್ರಸಂಗವನ್ನು ಮನನ ಮಾಡಬೇಕು.

ಮೂರನೆಯದು ಲಂಕೆಯಿಂದ ಹಿಂತಿರುಗಿದಾಗಿನದು. ಕಾತರದಿಂದ ಕಾದಿದ್ದ ಕಪಿಗಳಿಗೆ ಹನುಮಂತನು ಸಮುದ್ರೋಲ್ಲಂಘನದ ಸಾಹಸವನ್ನು ಮೊದಲು ವರ್ಣಿಸಲಿಲ್ಲ. ಹಿರಿಯರಿಗೆ ನಮಸ್ಕರಿಸಿ, ದೇವಿಯ ದರ್ಶನವಾಯಿತೆಂಬುದನ್ನು ಸಂಕ್ಷೇಪವಾಗಿ ತಿಳಿಸಿ, ವಿಸ್ತಾರವನ್ನು ಆಮೇಲೆ ಹೇಳಿದನು. ಆಸ್ಪತ್ರೆಯಿಂದ ಫೋನು ಮಾಡುವವರು, ಪರೀಕ್ಷೆಯ ಫಲಿತಾಂಶವನ್ನು ತಿಳಿಸುವವರು ಕಾದಿರುವವರ ಎದೆಬಡಿತವನ್ನು ನೆನೆದು ಮೊದಲ ಮಾತನ್ನು ಆರಿಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕೇ?

ಮಧ್ಯಗೇಹರ ಮನೆಯಲ್ಲಿ

ಶ್ರೀನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯವನ್ನು ಪಾರಾಯಣ ಮಾಡುವವರಿಗೆ, ಆಚಾರ್ಯರ ಬಾಲ್ಯದ ಒಂದು ಪ್ರಸಂಗ ನೆನಪಿರಬಹುದು. ತಂದೆಯವರು ಪುರಾಣ ಹೇಳುವಾಗ ಮರಗಳ ಹೆಸರುಗಳ ನಡುವೆ ಬಂದ 'ಲಿಕುಚ' ಎಂಬ ಶಬ್ದದ ಅರ್ಥವನ್ನು ಹೇಳದೆ ಮುಂದುವರಿದರು. ಬಾಲಕ ವಾಸುದೇವನು ಅದನ್ನು ಪ್ರಶ್ನಿಸಿದನು. ತುಂಬಿದ ಸಭೆಯಲ್ಲಿ ಮಗನು ಕೇಳುವ ಪ್ರಶ್ನೆಗೆ ಎಡೆಯಿದ್ದ ಮನೆತನ ಅದು. ಇಂದು ನಮ್ಮ ಮಕ್ಕಳು "ಇದನ್ನು ಏಕೆ ಮಾಡಬೇಕು?" ಎಂದಾಗ "ಅಧಿಕಪ್ರಸಂಗ ಬೇಡ" ಎಂದು ಬಾಯಿ ಮುಚ್ಚಿಸಿದರೆ, ಆ ಪ್ರಶ್ನೆ ಸಾಯುವುದಿಲ್ಲ; ನಮ್ಮನ್ನು ಬಿಟ್ಟು ಬೇರೆಡೆಗೆ ಹೋಗುತ್ತದೆ.

ಅದಕ್ಕಿಂತ ಗಂಭೀರವಾದ ಪ್ರಸಂಗವು ಅದೇ ಗ್ರಂಥದ 4ನೆಯ ಸರ್ಗದಲ್ಲಿದೆ. ವಾಸುದೇವನು ಸನ್ನ್ಯಾಸ ಸ್ವೀಕರಿಸಲು ನಿಶ್ಚಯಿಸಿದಾಗ ತಂದೆಗೆ ಅದು ಸಹಿಸಲಾರದ ಸಂಗತಿಯಾಯಿತು. ಮುದಿವಯಸ್ಸಿನಲ್ಲಿ ತಮಗೆ ಆಸರೆ ಯಾರೆಂಬುದು ಅವರ ಸಂಕಟ. ಅವತಾರಪುರುಷರಾದ ಆಚಾರ್ಯರು ಆ ಸಂಕಟವನ್ನು ತಿರಸ್ಕರಿಸಲಿಲ್ಲ. ತಮ್ಮ ನಿಶ್ಚಯವನ್ನೂ ಬಿಡಲಿಲ್ಲ. ಇನ್ನೊಬ್ಬ ಮಗನು ಹುಟ್ಟುವವರೆಗೆ ಕಾದಿರುವೆನೆಂದರು. ತಮ್ಮನು ಹುಟ್ಟಿದ ಮೇಲೆ ತಾಯಿಯ ಸಮ್ಮತಿಯನ್ನೂ ಪಡೆದು ಆಶ್ರಮ ಸ್ವೀಕರಿಸಿದರು. ಆ ತಮ್ಮನೇ ಮುಂದೆ ಶ್ರೀವಿಷ್ಣುತೀರ್ಥರಾದರು. ಮಗನು ಆರಿಸಿಕೊಂಡ ಉದ್ಯೋಗ, ಮಗಳ ಮದುವೆ, ಹಳೆಯ ಮನೆಯ ವಿಕ್ರಯ ಇತ್ಯಾದಿಗಳಿಂದ ಒಡೆದುಹೋಗುವ ಇಂದಿನ ಸಂಸಾರಗಳಿಗೆ ಇಲ್ಲಿ ದಾರಿಯಿದೆ. ಎದುರಿನವರ ಹಟದ ಹಿಂದೆ ಇರುವ ಭಯವನ್ನು ಕೇಳಿ ತಿಳಿದರೆ ಅರ್ಧ ಜಗಳ ಅಲ್ಲಿಯೇ ಶಾಂತವಾಗುತ್ತದೆ.

ಮಡಿಯೂ ಮಾತೂ

ಮಡಿಯಲ್ಲಿರುವ ಅಜ್ಜಿಯನ್ನು ಬೆಳಗಿನ ಹೊತ್ತು ಯಾರೂ ಮುಟ್ಟುವಂತಿಲ್ಲ. ಸ್ಪರ್ಶವು ನಿಷಿದ್ಧವಾದ ಆ ಎರಡು ಮೂರು ಗಂಟೆಗಳ ಕಾಲ ಆಕೆಗೂ ಮಗುವಿಗೂ ನಡುವೆ ಇರುವ ಸೇತುವೆ ಮಾತೊಂದೇ. "ಮುಟ್ಟಬೇಡ, ದೂರ ಹೋಗು! ಎಷ್ಟು ಸಲ ಹೇಳಬೇಕು?" ಎಂದರೂ ಮಡಿ ಉಳಿಯುತ್ತದೆ. "ಅಲ್ಲಿಯೇ ಕೂತುಕೋ ಕಂದ, ನೈವೇದ್ಯ ಆಗುತ್ತಲೇ ನಿನ್ನನ್ನು ಎತ್ತಿಕೊಳ್ಳುತ್ತೇನೆ, ಅಲ್ಲಿಯವರೆಗೆ ಧ್ರುವನ ಕಥೆ ಹೇಳುತ್ತೇನೆ" ಎಂದರೂ ಮಡಿ ಉಳಿಯುತ್ತದೆ. ಮೊದಲನೆಯ ಮಾತನ್ನು ಕೇಳಿ ಬೆಳೆದ ಮಗುವಿಗೆ ಮಡಿಯೆಂದರೆ ದೂರ ತಳ್ಳುವುದು. ಎರಡನೆಯದನ್ನು ಕೇಳಿ ಬೆಳೆದ ಮಗುವಿಗೆ ಮಡಿಯೆಂದರೆ ದೇವರಿಗಾಗಿ ಸ್ವಲ್ಪ ಹೊತ್ತು ಕಾಯುವುದು. ಮುಂದಿನ ತಲೆಮಾರಿನಲ್ಲಿ ಆಚಾರ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ನಾವು ಅದನ್ನು ಹೇಳುವ ಧ್ವನಿಯನ್ನು ಅವಲಂಬಿಸಿದೆ.

ನಾಲ್ಕು ತಿಂಗಳ ಅಭ್ಯಾಸ

ಮಾತಿನಿಂದಾಗುವ ಪಾಪಗಳನ್ನು ಮನುಸ್ಮೃತಿಯು ಪಾರುಷ್ಯ, ಅನೃತ, ಪೈಶುನ್ಯ, ಅಸಂಬದ್ಧ ಪ್ರಲಾಪ ಎಂದು ನಾಲ್ಕಾಗಿ ಎಣಿಸಿದೆ. ಬಿರುನುಡಿ, ಸುಳ್ಳು, ಚಾಡಿ, ಹುರುಳಿಲ್ಲದ ಹರಟೆ ಎಂದರ್ಥ. ಆಹಾರದ ವ್ರತಗಳ ಜೊತೆಗೆ ತಿಂಗಳಿಗೊಂದರಂತೆ ಮಾತಿನ ನಿಯಮವನ್ನೂ ಇಟ್ಟುಕೊಳ್ಳಬಹುದೆಂದು ಸೂಚಿಸುತ್ತೇವೆ. ಇದು ಶಾಸ್ತ್ರವಿಧಿಯಲ್ಲ, ನೆನಪಿಗೆ ಅನುಕೂಲವಾಗಲೆಂದು ಮಾಡಿಕೊಂಡ ಏರ್ಪಾಡು.

ಶಾಕವ್ರತದ ತಿಂಗಳಲ್ಲಿ ಬಿರುನುಡಿಯನ್ನು ವರ್ಜಿಸೋಣ. ಅದರಲ್ಲಿಯೂ "ನಿನ್ನ ತವರಿನಲ್ಲಿ ಇಷ್ಟನ್ನೂ ಕಲಿಸಲಿಲ್ಲವೇ?" ಎಂಬ ಮಾತನ್ನು, "ನಿಮ್ಮ ಮನೆಯವರೆಲ್ಲ ಹೀಗೆಯೇ" ಎಂಬ ಮಾತನ್ನು ಪೂರ್ತಿಯಾಗಿ ಬಿಡೋಣ. ಹುಣಸೆ, ಮೆಣಸಿನಕಾಯಿಗಳನ್ನು ಬಿಟ್ಟ ನಾಲಿಗೆಯಲ್ಲಿ ಹುಳಿ ಖಾರಗಳು ಮಾತಿನ ರೂಪದಲ್ಲಿ ಉಳಿಯಬಾರದು.

ದಧಿವ್ರತದ ತಿಂಗಳಲ್ಲಿ ಅನೃತವನ್ನು ವರ್ಜಿಸೋಣ. ಮೋಸದ ಸುಳ್ಳು ಒಂದು ಬಗೆ. ಪ್ರೀತಿಯಿಂದ ಆಡುವ ಸುಳ್ಳು ಇನ್ನೊಂದು ಬಗೆ. ಮಂಡಿನೋವಿನಿಂದ ರಾತ್ರಿಯೆಲ್ಲ ನಿದ್ದೆಯಿಲ್ಲದ ತಾಯಿ ದೂರದ ಮಗನಿಗೆ "ನನಗೇನಾಗಿದೆ, ಚೆನ್ನಾಗಿದ್ದೇನೆ" ಎನ್ನುತ್ತಾಳೆ. ಕೆಲಸ ಹೋದ ಮಗನು "ಎಲ್ಲ ಸರಿಯಾಗಿದೆ ಅಮ್ಮ" ಎನ್ನುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಇಬ್ಬರೂ ಒಂಟಿಯಾಗುತ್ತಾರೆ. ನೋವನ್ನು ನೋವೆಂದು ಮೆಲ್ಲನೆ ಹೇಳಿಕೊಳ್ಳುವುದು ಸತ್ಯವ್ರತವೇ ಸರಿ. ಕಹಿಯಾದ ಹಿತವನ್ನು ಹೇಳಬೇಕಾಗಿ ಬಂದರೆ ವಿದುರನನ್ನು ಸ್ಮರಿಸೋಣ. ಪ್ರಿಯವನ್ನೇ ನುಡಿಯುವವರು ಸುಲಭವಾಗಿ ಸಿಗುತ್ತಾರೆ, ಅಪ್ರಿಯವಾದರೂ ಪಥ್ಯವಾದುದನ್ನು ಹೇಳುವವರೂ ಕೇಳುವವರೂ ದುರ್ಲಭರೆಂದು ಅವನು ಧೃತರಾಷ್ಟ್ರನಿಗೆ ಹೇಳಿದ್ದನು. ನಿದ್ದೆ ಬಾರದೆ ತೊಳಲುತ್ತಿದ್ದ ಅರಸನು ಕರೆದು ಕೇಳಿದ ರಾತ್ರಿ, ಏಕಾಂತದಲ್ಲಿ ಕುಳಿತು ಅವನು ಆ ಹಿತವನ್ನು ಹೇಳಿದನೆಂಬುದನ್ನೂ ನಾವು ಗಮನಿಸಬೇಕು.

ಕ್ಷೀರವ್ರತದ ತಿಂಗಳಲ್ಲಿ ಪಿತೃಪಕ್ಷವು ಬರುತ್ತದೆ. ಈ ತಿಂಗಳಲ್ಲಿ ಹುರುಳಿಲ್ಲದ ಹರಟೆಯನ್ನು ಕಡಿಮೆ ಮಾಡಿ, ಆ ಹೊತ್ತನ್ನು ಹಿರಿಯರ ಮಾತನ್ನು ಕೇಳುವುದಕ್ಕೆ ಮೀಸಲಿಡೋಣ. ಶ್ರಾದ್ಧದಲ್ಲಿ ಶಾಸ್ತ್ರಕ್ಕೆ ವಿರೋಧವಾಗದಂತೆ, ಹೋದವರಿಗೆ ಪ್ರಿಯವಾಗಿದ್ದ ಭಕ್ಷ್ಯವನ್ನು ಶ್ರದ್ಧೆಯಿಂದ ಮಾಡುವ ರೂಢಿ ನಮ್ಮಲ್ಲಿದೆ. ಆದರೆ "ಅಪ್ಪನಿಗೆ ಯಾವುದು ಇಷ್ಟವಾಗಿತ್ತು?" ಎಂದು ಆ ದಿನ ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡುವಂತಾದರೆ, ಅದು ಅಡಿಗೆಯ ಕೊರತೆಯಲ್ಲ, ಬದುಕಿದ್ದಾಗ ಕೇಳದೆ ಹೋದ ಮಾತಿನ ಕೊರತೆ. ನಮ್ಮ ಅಮ್ಮ ಹುಡುಗಿಯಾಗಿದ್ದಾಗ ಯಾವ ಹಾಡುಗಳನ್ನು ಕಲಿತಳು, ಮದುವೆಯಾಗಿ ಬಂದ ಮೊದಲ ವರ್ಷ ಹೇಗಿತ್ತು, ಅಜ್ಜ ಊರು ಬಿಟ್ಟು ಬಂದದ್ದು ಏಕೆ, ಮನೆಯ ಸಾಲಿಗ್ರಾಮಗಳು ಯಾರ ಕಾಲದಲ್ಲಿ ಬಂದವು? ಇವುಗಳಿಗೆ ಉತ್ತರ ಬಲ್ಲವರು ಇಂದು ನಮ್ಮ ಮನೆಯ ಪಡಸಾಲೆಯಲ್ಲಿಯೇ ಕುಳಿತಿರಬಹುದು. ತರ್ಪಣದ ನೀರು ಅವರನ್ನು ತಲಪುತ್ತದೆಂಬ ನಂಬಿಕೆ ನಮ್ಮದು. ಆದರೆ ಅವರ ಉತ್ತರವು ಆಗ ನಮ್ಮನ್ನು ತಲಪಲಾರದು.

ದ್ವಿದಳವ್ರತದ ತಿಂಗಳಲ್ಲಿ ಚಾಡಿಯನ್ನು ವರ್ಜಿಸೋಣ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿ, ಬೇಳೆಯಂತೆ ಮನೆಯನ್ನು ಎರಡು ಹೋಳು ಮಾಡುವುದು ಅದರ ಕೆಲಸ. ಎದುರಿಗೆ ಹೇಳಲಾಗದ ಮಾತನ್ನು ಬೆನ್ನಹಿಂದೆ ಆಡದಿರುವುದೇ ಇದಕ್ಕೆ ಸರಳವಾದ ನಿಯಮ.

ಇದಕ್ಕೆಲ್ಲ ಹೊತ್ತೆಲ್ಲಿದೆಯೆಂದು ಕೇಳಬಹುದು. ಭೋಜನಕಾಲದಲ್ಲಿ ಮೌನವೂ ಗೋವಿಂದಸ್ಮರಣೆಯೂ ನಮ್ಮ ಸಂಪ್ರದಾಯ; ಅದು ಹಾಗೆಯೇ ಇರಲಿ. ರಾತ್ರಿ ಊಟವಾದ ಮೇಲೆ ಒಂದು 15 ನಿಮಿಷ, ಮೊಬೈಲುಗಳನ್ನು ಇನ್ನೊಂದು ಕೊಠಡಿಯಲ್ಲಿಟ್ಟು ಮನೆಯವರೆಲ್ಲ ಒಟ್ಟಿಗೆ ಕುಳಿತರೆ ಸಾಕು. ಮೊದಲು ಒಂದು ದಾಸರ ಪದವನ್ನು ಹೇಳಿ, ಬಳಿಕ ಒಬ್ಬೊಬ್ಬರೂ ಆ ದಿನದ ಒಂದು ಸಂಗತಿಯನ್ನು ಹೇಳಲಿ. ಉಳಿದವರು ನಡುವೆ ಬಾಯಿ ಹಾಕದೆ ಕೇಳಲಿ. ಉಪದೇಶವನ್ನು ಕೇಳಿದಾಗ ಮಾತ್ರ ಕೊಡೋಣ. ಸಾಧನೆಯಲ್ಲಿ ಶ್ರವಣವೇ ಮೊದಲ ಮೆಟ್ಟಿಲೆಂದು ಕಲಿತ ನಮಗೆ, ಮನೆಯ ಮಾತಿನಲ್ಲಿಯೂ ಕೇಳುವುದೇ ಮೊದಲಾಗಲಿ.

ಐತರೇಯೋಪನಿಷತ್ತಿನಲ್ಲಿ ಅಗ್ನಿಯು ವಾಕ್ಕಾಗಿ ಮುಖವನ್ನು ಪ್ರವೇಶಿಸಿದನೆಂದು ಹೇಳಿದೆ. ಮನೆಯ ಬೆಂಕಿಯು ಒಲೆಯಲ್ಲಿದ್ದರೆ ಅನ್ನವಾಗುತ್ತದೆ, ದೀಪದಲ್ಲಿದ್ದರೆ ಬೆಳಕಾಗುತ್ತದೆ, ಸೂರಿಗೆ ತಗುಲಿದರೆ ಬೂದಿಯಾಗುತ್ತದೆ. ನಾಲಿಗೆಯಲ್ಲಿರುವ ಅಗ್ನಿಯೂ ಹಾಗೆಯೇ. ಕಾರ್ತಿಕ ಶುದ್ಧ ದ್ವಾದಶಿಯಂದು ವ್ರತಗಳನ್ನು ಶ್ರೀಹರಿಗೆ ಸಮರ್ಪಿಸುವಾಗ, 4 ತಿಂಗಳು ಬಿಟ್ಟ ಪದಾರ್ಥಗಳ ಜೊತೆಗೆ 4 ತಿಂಗಳು ಆಡದೆ ಬಿಟ್ಟ ಬಿರುನುಡಿಗಳನ್ನೂ, ಕೇಳಿ ತಿಳಿದ ಮನೆಯವರ ಸುಖದುಃಖಗಳನ್ನೂ ಅವನ ಪಾದಗಳಲ್ಲಿ ನಿವೇದಿಸುವ ಭಾಗ್ಯ ನಮಗೆಲ್ಲರಿಗೂ ದೊರೆಯಲಿ. ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ನಮ್ಮ ಮಾತುಗಳಲ್ಲಿ ನಿಂತು ಪ್ರೀತನಾಗಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು